ವಿಮಾನ ಜಪ್ತಿ ಮಾಡಿದ ನಮ್ಮ ಭಾವ

ನಮ್ಮ ಭಾವ, ಅಂದರೆ ಚಿಕ್ಕಕ್ಕನ ಗಂಡ, ಕೋರ್ಟಿನಲ್ಲಿ ಅಮೀನರಾಗಿದ್ದರು. ಕೋರ್ಟು ಕೊಡು ಅಂದ ದುಡ್ಡನ್ನು ಕೊಡದೆ ಕೂತವರ ಮನೆಗೆ ಹೋಗಿ ಅವರ ಫ್ರಿಜ್ಜು, ಸ್ಕೂಟರು, ಟೀವಿ, ಏನು ಸಿಕ್ಕುತ್ತೋ ಅದನ್ನು ಜಪ್ತಿ ಮಾಡುವುದು ಅವರ ಕೆಲಸ. ಇಂಥ ಕೆಲಸಕ್ಕೆ ಗಿರಿಜಾ ಮೀಸೆಯವರು, ಗುಡುಗಿನ ದನಿಯವರು ಸರಿ. ಭಾವನದು ತಪ್ಪು ಮನೆಯ ಬಾಗಿಲು ತಟ್ಟಿದವರ ಮುಖ. ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಡುತ್ತಿದ್ದರು. "ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂತಲೇ ಮಾತು ಶುರು. ಯಜಮಾನ ಬೈದರೆ ತಲೆಯಾಡಿಸುತ್ತಿದ್ದರು, ಯಜಮಾನಿ ಅತ್ತರೆ ಕರವಸ್ತ್ರ ಕೊಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅವರು ಟೀ ಕುಡಿದು, ಕಪ್ಪು ತೊಳೆದಿಟ್ಟು, ಆಮೇಲೆ ಫ್ರಿಜ್ಜು ಹೊರಿಸಿಕೊಂಡು ಬಂದಿದ್ದಾರೆ. ಬರಿಗೈಯಲ್ಲಿ ಮಾತ್ರ ಬಂದದ್ದಿಲ್ಲ.

ಕೋರ್ಟಿನ ಕಾಂಪೌಂಡಿಗೆ ಆತುಕೊಂಡೇ ನನ್ನ ಜೆರಾಕ್ಸ್ ಅಂಗಡಿ. ಜಪ್ತಿ ಅಂದಮೇಲೆ ಸಹಿ ಹಾಕಲು ಸಾಕ್ಷಿ ಬೇಕು. ಆ ಕೆಲಸಕ್ಕೆ ಬುದ್ಧಿ ಇದ್ದವರು ಯಾರೂ ಬರುವುದಿಲ್ಲವಾದ್ದರಿಂದ ಭಾವ ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದರು. ಹೀಗಾಗಿ ಊರಿನ ಅರ್ಧ ಜನಕ್ಕೆ ನಾನೂ ಬೇಡದ ಮುಖವೇ. ನಾವಿಬ್ಬರೂ ಒಟ್ಟಿಗೆ ಯಾವುದಾದರೂ ಮದುವೆಗೆ ಹೋದರೆ, ಯಾರಾದರೊಬ್ಬರು ಮೆಲ್ಲಗೆ ಎದ್ದು ಹೋಗಿ ತಮ್ಮ ಕಾರನ್ನು ಇನ್ನೊಂದು ಬೀದಿಯಲ್ಲಿ ನಿಲ್ಲಿಸಿ ಬರುತ್ತಿದ್ದರು.

ನಮ್ಮ ದೊಡ್ಡಕ್ಕನದು ಬೇರೆಯೇ ಜಾಯಮಾನ. ಹುಟ್ಟುವಾಗಲೇ ಯಜಮಾನಿಕೆ ಬರೆಸಿಕೊಂಡು ಬಂದವಳು. ಅಪ್ಪ ಬದುಕಿದ್ದಾಗಲೂ ನಾವು ಹೆದರುತ್ತಿದ್ದದ್ದು ಅವಳಿಗೆ. ಅಪ್ಪನೂ ಅವಳಿಗೇ ಹೆದರುತ್ತಿದ್ದರು. ಅವಳು ಭಾವನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕಾರಣ ಒಂದು ಸೋಫಾ ಅಂತ ನಾವೆಲ್ಲ ತಿಳಿದಿದ್ದೆವು. ಅವಳ ಗಂಡ ಯಾರೋ ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು, ಅದನ್ನು ಹೆಂಡತಿಯಿಂದ ಮುಚ್ಚಿಟ್ಟಿದ್ದರು. ಸ್ನೇಹಿತ ಕೈ ಎತ್ತಿದ. ವಾರಂಟು ಸೀದಾ ಮನೆಗೆ ಬಂತು, ಹಿಡಿದು ತಂದವರು ಸ್ವಂತ ತಂಗಿಯ ಗಂಡ. ಬೇರೆಯವರನ್ನು ಕಳಿಸಿ ಅಂತ ಭಾವ ಮೇಲಿನವರನ್ನು ಕೇಳಿಕೊಂಡಿದ್ದರಂತೆ, ಆದರೆ ಇನ್ನೊಬ್ಬ ಅಮೀನರು ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ನನಗೆ ಅವತ್ತು ಜ್ವರ ಬಂದಿತ್ತು, ದೇವರು ದೊಡ್ಡವನು. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಹೊಸ ಸೋಫಾ ಸೆಟ್ಟು ಆ ದಿನ ಲಾರಿ ಹತ್ತಿತು. ಅವತ್ತಿನಿಂದ ಭಾವ ಇರುವ ಕಡೆ ದೊಡ್ಡಕ್ಕ ಬರುತ್ತಿರಲಿಲ್ಲ, ಅವಳು ಬರುವ ಕಡೆ ಭಾವ ಹೋಗುತ್ತಿರಲಿಲ್ಲ. ಚಿಕ್ಕಕ್ಕ ಗಂಡನೆದುರು ಅಕ್ಕನ ಹೆಸರು ಎತ್ತುವುದನ್ನೇ ಬಿಟ್ಟಿದ್ದಳು.

ಇನ್ನು ವಿಮಾನದ ವಿಷಯ. ನನ್ನ ಅಂಗಡಿಯ ಎದುರಿಗೆ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಒಬ್ಬ ವಕೀಲೆಯೂ ಒಬ್ಬ ಗಡ್ಡದವನೂ ಸೇರಿ ಕಂಪನಿ ತೆರೆದರು. ವಕೀಲೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಗಡ್ಡದವನು ಕಂಪ್ಯೂಟರ್ ಕಡೆಯವನು, ಮಾತು ಕಮ್ಮಿ. ವಿಮಾನ ತಡವಾಯಿತು, ರದ್ದಾಯಿತು, ಟಿಕೆಟ್ ಇದ್ದೂ ಹತ್ತಿಸಿಕೊಳ್ಳಲಿಲ್ಲ ಅನ್ನುವವರು ಮೊಬೈಲಿನಲ್ಲಿ ವಿಮಾನದ ನಂಬರ್ ಒತ್ತಿದರೆ ಸಾಕು. ಗಡ್ಡದವನ ಯಂತ್ರ ಆ ದಿನದ ಗಾಳಿ, ಮಂಜು, ವಿಮಾನ ಎಲ್ಲಿತ್ತು, ಯಾವಾಗ ಇಳಿಯಿತು ಎಲ್ಲವನ್ನೂ ಜಾಲಾಡಿ, ನಿಮಗೆ ಪರಿಹಾರ ಬರಬೇಕು ಅಂತಲೋ ಬರುವುದಿಲ್ಲ ಅಂತಲೋ ಹೇಳಿಬಿಡುತ್ತಿತ್ತು. ಬರಬೇಕಾಗಿದ್ದರೆ ಮೇಡಂ ಕೇಸು ಹಾಕುತ್ತಿದ್ದರು. ಗೆದ್ದರೆ ಕಾಲು ಭಾಗ ಕಂಪನಿಗೆ, ಸೋತರೆ ಯಾರಿಗೂ ಏನೂ ಇಲ್ಲ.

ಈ ದಂಧೆಗೆ ಯಾಕೆ ಇಳಿದಿರಿ ಅಂತ ಮೇಡಂನ ಒಮ್ಮೆ ಕೇಳಿದ್ದೆ. ಜೆರಾಕ್ಸ್ ಬರುವ ತನಕ ಅವರೂ ಸುಮ್ಮನೆ ನಿಂತಿರಬೇಕಲ್ಲ.

"ಮದುವೆ ಆದ ಮಾರನೇ ದಿನ ನಾನೂ ನನ್ನ ಗಂಡನೂ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಒಂದು ಹಗಲು ಒಂದು ರಾತ್ರಿ ಕೂತಿದ್ವಿ," ಅಂದರು. "ಅಲ್ಲೇ ಅವನ ಸ್ವಭಾವ ಪೂರ್ತಿ ಗೊತ್ತಾಯ್ತು."

"ಆಮೇಲೆ?"

"ಮೊದಲನೇ ಕೇಸು ವಿಮಾನದವರ ಮೇಲೆ ಹಾಕಿದೆ. ಎರಡನೇದು ಅವನ ಮೇಲೆ."

ಕೇಸು ಗೆಲ್ಲುವುದು ಮೇಡಂಗೆ ಕಷ್ಟವಾಗಿರಲಿಲ್ಲ. ಗೆದ್ದ ದುಡ್ಡು ಕಣ್ಣಿಗೆ ಕಾಣುವುದು ಕಷ್ಟ. ಒಂದು ವಿಮಾನ ಕಂಪನಿಯಂತೂ ಪ್ರತಿ ತೀರ್ಪಿಗೂ ಪ್ರೀತಿಯಿಂದ ಪತ್ರ ಬರೆಯುತ್ತಿತ್ತು. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ತಮ್ಮ ಮುಂದಿನ ಪ್ರಯಾಣ ಸುಖಕರವಾಗಿರಲಿ. ಮೂಗಿಗೆ ತುಪ್ಪ ಸವರುವುದರಲ್ಲಿ ಅವರದು ಎತ್ತಿದ ಕೈ, ತುಪ್ಪದ ಡಬ್ಬಿ ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಕೊನೆಗೆ ಮೇಡಂ ರೇಗಿ, ಒಂದು ಇಡೀ ವಿಮಾನದ ಪ್ರಯಾಣಿಕರ ಬಾಕಿಯನ್ನೆಲ್ಲ ಒಟ್ಟು ಸೇರಿಸಿ, ಆ ಕಂಪನಿಯ ಚರಾಸ್ತಿ ಜಪ್ತಿ ಮಾಡಿಸಿಕೊಡಿ ಅಂತ ಅರ್ಜಿ ಹಾಕಿದರು. ವಾರಂಟು ಭಾವನ ಕೈಗೆ ಬಂತು.

ಮೊದಲು ಊರೊಳಗಿದ್ದ ಅವರ ಆಫೀಸಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಮೇಜಿನ ಹಿಂದೆ ನಗುಮುಖದ ಒಬ್ಬ ಹುಡುಗಿ. ಭಾವ ಬೇಜಾರು ಮಾಡ್ಕೋಬೇಡಿ ಅಂದು, ಕುರ್ಚಿ ಮುಟ್ಟಿದರು. ಕುರ್ಚಿ ಬಾಡಿಗೆಯದು. ಕಂಪ್ಯೂಟರ್ ಇನ್ಯಾರದೋ. ಕಾಫಿ ಯಂತ್ರ ಕಾಫಿ ಕಂಪನಿಯದು. ಮೂಲೆಯಲ್ಲಿದ್ದ ಗಿಡದ ಕುಂಡಕ್ಕೂ ತಿಂಗಳ ಬಾಡಿಗೆ ಕೊಡುತ್ತಿದ್ದರಂತೆ. ಆ ಕಂಪನಿಯ ಸ್ವಂತದ್ದು ಅಂತ ಅಲ್ಲಿದ್ದದ್ದು ಗೋಡೆ ಗಡಿಯಾರ ಒಂದೇ. ಅದೂ ತಡವಾಗಿ ಓಡುತ್ತಿತ್ತು.

"ನಮ್ಮದು ವಿಮಾನಗಳೂ ಬಾಡಿಗೆವೇ ಸಾರ್," ಅಂದಳು ಹುಡುಗಿ. "ಒಂದೇ ಒಂದು ಹಳೇದು ಮಾತ್ರ ಸ್ವಂತದ್ದು. ಬೇಕಾದ್ರೆ ಅದನ್ನ ತಗೊಂಡ್ಹೋಗಿ." ಅಂದು ನಕ್ಕಳು.

ಭಾವ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಅದು ಎಲ್ಲಿ ಸಿಗುತ್ತೆ ತಾಯಿ?" ಅಂದರು.

ಮೇಡಂಗೆ ಈ ಸುದ್ದಿ ಮುಟ್ಟಿದ್ದೇ ತಡ, ಗಡ್ಡದವನ ಯಂತ್ರ ಆ ಹಳೇ ವಿಮಾನದ ಹಿಂದೆ ಬಿತ್ತು. ಬುಧವಾರ ಮಧ್ಯಾಹ್ನ ನಮ್ಮೂರಿಗೆ ಬಂದು ಇಳಿದು, ಜನ ತುಂಬಿಕೊಂಡು ವಾಪಸ್ ಹಾರುತ್ತದೆ ಅಂತ ಗೊತ್ತಾಯಿತು. ಆದರೂ ಭಾವನಿಗೆ ಅಳುಕು. ವಾರಂಟು ಹಿಡಿದು ಜಡ್ಜ್ ಸಾಹೇಬರ ಮುಂದೆ ನಿಂತು, ಚರಾಸ್ತಿ ಅಂದರೆ ವಿಮಾನವೂ ಬರುತ್ತಾ ಸ್ವಾಮಿ ಅಂತ ಕೇಳಿದರು.

"ಚರಾಸ್ತಿ ಅಂದ್ರೆ ಚಲಿಸೋ ಆಸ್ತಿ," ಅಂದರು ಜಡ್ಜ್. "ವಿಮಾನಕ್ಕಿಂತ ಹೆಚ್ಚು ಚಲಿಸೋದು ಯಾವುದಿದೆ?" ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, "ಈ ಕಂಪನಿದಾದ್ರೆ ಅದೂ ಅನುಮಾನವೇ," ಅಂದರು.

ಬುಧವಾರ ನಾನು, ಭಾವ, ಮೇಡಂ ಪರವಾಗಿ ಗಡ್ಡದವನು, ಮೂವರೂ ವಿಮಾನ ನಿಲ್ದಾಣಕ್ಕೆ ಹೋದೆವು. ಭಾವ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ, ಹತ್ತುವ ಆಸೆಯೂ ಇರಲಿಲ್ಲ. ಅವರ ಬಗಲಲ್ಲಿ ಜಪ್ತಿಯ ಚೀಲ. ತಪಾಸಣೆಯ ಕಡೆ ಒಬ್ಬ ಹೆಂಗಸು ಆ ಚೀಲ ಬಿಚ್ಚಿ, ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟಳು. ಅರಗು ಹೋಯಿತು. ಬೆಂಕಿಪೊಟ್ಟಣ ಹೋಯಿತು. ಕತ್ತರಿ, ಸುತ್ತಿಗೆ ಹೋದವು. ಗೋಂದಿನ ಬಾಟಲಿ ದೊಡ್ಡದಾಯಿತು ಅಂತ ಅದೂ ಹೋಯಿತು. ಕೊನೆಗೆ ಬೆಲ್ಟು ಬಿಚ್ಚಿಸಿದರು. ಇಷ್ಟು ವರ್ಷ ಊರಿನವರ ಸಾಮಾನು ಹೊತ್ತವರು ಪ್ಯಾಂಟು ಹಿಡಿದುಕೊಂಡು ನಿಂತರು.

"ರಸೀದಿ ಕೊಡಮ್ಮ," ಅಂದರು ಭಾವ.

"ಇದಕ್ಕೆಲ್ಲ ರಸೀದಿ ಇಲ್ಲ ಸಾರ್."

"ಪಟ್ಟಿ ಮಾಡದೆ ತಗೊಂಡ್ರೆ ಅದು ಜಪ್ತಿ ಆಗಲ್ಲಮ್ಮ. ಕಳ್ಳತನ ಆಗುತ್ತೆ."

ಅವಳು ತನ್ನ ಮೇಲಿನವನನ್ನು ಕರೆದಳು. ಅವನು ವಾರಂಟು ಓದಿ, ಟೋಪಿ ತೆಗೆದು ತಲೆ ಕೆರೆದುಕೊಂಡು, ನಿಲ್ದಾಣದ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಎರಡು ಸಲ ಓದಿದ. ಎರಡನೇ ಸಲವೂ ಅದರಲ್ಲಿ ಅದೇ ಬರೆದಿತ್ತು.

"ಇದು ವಿಮಾನ ರೀ. ಎಮ್ಮೆ ಅಲ್ಲ, ಹಿಡ್ಕೊಂಡು ಹೋಗೋಕೆ," ಅಂದ.

"ಎಮ್ಮೆ ಆದ್ರೆ ಕಷ್ಟ ಸಾರ್, ಒದೆಯುತ್ತೆ," ಅಂದರು ಭಾವ. "ಇದು ಪಾಪ ಸುಮ್ಮನೆ ನಿಂತಿದೆಯಲ್ಲ."

ಮ್ಯಾನೇಜರ್ ಯಾರು ಯಾರಿಗೋ ಫೋನ್ ಮಾಡಿದ. ಆ ಕಡೆಯಿಂದ ಎಲ್ಲರೂ, ಕೋರ್ಟಿನ ವಿಷಯ, ನನ್ನ ಹೆಸರು ಎತ್ತಬೇಡಿ ಅಂತ ಹೇಳಿದ ಹಾಗೆ ಕಂಡಿತು. ಕೊನೆಗೆ ನಮಗೆ ಹೊಳೆಯುವ ಹಳದಿ ಅಂಗಿ ತೊಡಿಸಿ ಬಯಲಿಗೆ ಬಿಟ್ಟರು. ಹತ್ತಿರದಿಂದ ನೋಡಿದರೆ ವಿಮಾನ ತೀರಾ ದೊಡ್ಡದು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಜನ ಆಗಲೇ ಹತ್ತಿ ಕೂತಿದ್ದರು, ಏಣಿ ಇನ್ನೂ ತೆಗೆದಿರಲಿಲ್ಲ. ಕ್ಯಾಪ್ಟನ್ ಇಳಿದು ಬಂದ, ನೆರೆತ ಕೂದಲಿನ ಸಮಾಧಾನದ ಮನುಷ್ಯ.

"ಕೀ ಕೊಡಿ ಸಾರ್," ಅಂದರು ಭಾವ.

"ಇದಕ್ಕೆ ಕೀ ಇರಲ್ಲ."

ಭಾವ ಅವನನ್ನೂ ವಿಮಾನವನ್ನೂ ನೋಡಿದರು. "ಇಷ್ಟು ಜನ ಕೂರೋ ಗಾಡಿಗೆ ಕೀ ಇಲ್ವಾ? ನನ್ನ ಸ್ಕೂಟರ್‌ಗೇ ಎರಡಿದೆ."

"ನಾನು ಈಗ ಹಾರಿಸಿಬಿಟ್ರೆ ಏನು ಮಾಡ್ತೀರಿ?" ಅಂತ ಕ್ಯಾಪ್ಟನ್ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ.

"ಹಾರಿಸಿ ಸಾರ್. ಸಂಜೆ ನಿಮ್ಮನೆಗೆ ಬರ್ತೀನಿ."

ಕ್ಯಾಪ್ಟನ್ ನಕ್ಕು, ಕೈ ಕಟ್ಟಿಕೊಂಡು ನಿಂತುಬಿಟ್ಟ. ಜಪ್ತಿ ನೋಟೀಸು ಅಂಟಿಸಲು ಗೋಂದು ಇರಲಿಲ್ಲ. ಸಾಮಾನು ವಿಭಾಗದವರು ಒಂದು ಕೆಂಪು ಟೇಪು ಕೊಟ್ಟರು. ಅದರ ಉದ್ದಕ್ಕೂ "ಒಡೆಯುವ ವಸ್ತು, ಜೋಪಾನ" ಅಂತ ಅಚ್ಚಾಗಿತ್ತು. ಭಾವ ಆ ಟೇಪಿನಿಂದ ನೋಟೀಸನ್ನು ಮುಂದಿನ ಚಕ್ರದ ಕಾಲಿಗೆ ಸುತ್ತಿದರು. ನಾನು ಸಾಕ್ಷಿ ಸಹಿ ಹಾಕಿದೆ. ಅಲ್ಲಿಗೆ ಮುಗಿಸಿ ಬಂದಿದ್ದರೆ ಚೆನ್ನಾಗಿತ್ತು.

"ಒಳಗಿರೋರಿಗೆ ಒಂದು ಮಾತು ಹೇಳಿ ಬರ್ತೀನಿ," ಅಂದರು ಭಾವ. "ಮನೆಯವರಿಗೆ ಹೇಳದೆ ಯಾವತ್ತೂ ಜಪ್ತಿ ಮಾಡಿಲ್ಲ."

ಏಣಿ ಹತ್ತಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಗಗನಸಖಿ ಬೇಡ ಸಾರ್ ಅಂದರೂ ಕೇಳಲಿಲ್ಲ. ಅವಳು ಮೈಕು ಕೊಟ್ಟಳು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ.

"ಎಲ್ಲರಿಗೂ ನಮಸ್ಕಾರ. ದಯವಿಟ್ಟು ಬೇಜಾರು ಮಾಡ್ಕೋಬೇಡಿ. ನೀವು ಕೂತಿರೋ ವಿಮಾನ ಕೋರ್ಟಿನಿಂದ ಜಪ್ತಿ ಆಗಿದೆ. ನಿಮ್ಮ ನಿಮ್ಮ ಸಾಮಾನು ನಿಮ್ಮದೇ, ಅದನ್ನ ಯಾರೂ ಮುಟ್ಟಲ್ಲ."

ಆಗ ನಡುವಿನ ಸಾಲಿನಿಂದ ಒಂದು ದನಿ ಬಂತು. ಹುಟ್ಟಿದಾಗಿನಿಂದ ನನ್ನ ಬೆನ್ನುಹುರಿಗೆ ಪರಿಚಯವಿದ್ದ ದನಿ.

"ಇಲ್ಲಿಗೂ ಬಂದ್ಯಾ?"

ದೊಡ್ಡಕ್ಕ ಎದ್ದು ನಿಂತಿದ್ದಳು. ಮಗನಿಗೆ ಹೊಸದಾಗಿ ಗೊತ್ತಾದ ಹುಡುಗಿಯ ಮನೆಗೆ, ಬೀಗರ ಮನೆಗೆ, ಮೊದಲ ಸಲ ಹೊರಟವಳು. ಕೈಯಲ್ಲಿ ಅವರಿಗೆ ಕೊಡುವ ಗಾಜಿನ ಪಾತ್ರೆಗಳ ಡಬ್ಬ. ಅವಳು ಹೊರಡುವ ದಿನ ನನಗಾಗಲಿ ಭಾವನಿಗಾಗಲಿ ಗೊತ್ತಿರಲಿಲ್ಲ.

"ಅವತ್ತು ಸೋಫಾ ಹೊತ್ತೆ. ಈಗ ಸೀಟೂ ಹೊರ್ತೀಯಾ? ನಾನು ಎಲ್ಲಿ ಕೂತ್ರೂ ನಿನಗೆ ಆಗಲ್ವಾ?"

ಸೋಫಾ ಹೋಗುವ ಮುಂಚೆ ಅವಳು ಭಾವನನ್ನು ನೀವು ಅನ್ನುತ್ತಿದ್ದಳು. ಹನ್ನೆರಡು ವರ್ಷದ ಮೇಲೆ ಬಾಯಿ ತೆರೆದಾಗ ಸೀದಾ ನೀನು.

ಭಾವ ಮೈಕನ್ನು ಬಾಯಿಯ ಹತ್ತಿರದಿಂದ ತೆಗೆಯುವುದನ್ನೇ ಮರೆತರು. "ಅತ್ತಿಗೆ, ನೀವಿದ್ದೀರ ಅಂತ ಗೊತ್ತಿರಲಿಲ್ಲ," ಅಂದರು. ಹಿಂದಿನ ಶೌಚಾಲಯದಲ್ಲಿದ್ದವನಿಗೂ ಅದು ಕೇಳಿಸಿತು.

ಎಲ್ಲರನ್ನೂ ಇಳಿಸಿ ಒಳಗಿನ ಹಜಾರದಲ್ಲಿ ಕೂರಿಸಿದರು. ದೊಡ್ಡಕ್ಕ ಬೈಯುತ್ತಲೇ ಇದ್ದಳು. ಭಾವ ಮಳೆಯಲ್ಲಿ ನೆನೆಯುವ ದನದ ಹಾಗೆ ಕದಲದೆ ಕೇಳಿಸಿಕೊಂಡರು. ನಡುವೆ ಹೋಗಿ ಟೀ ತಂದುಕೊಟ್ಟರು. ಅವಳು ಟೀ ತೆಗೆದುಕೊಂಡು ಮುಖ ತಿರುಗಿಸಿದಳು, ಅಲ್ಲಿಗೆ ಮಾತು ಮತ್ತೆ ಬಂದ್. ಮಿಕ್ಕ ಪ್ರಯಾಣಿಕರೂ ಮೊದಲು ಭಾವನಿಗೇ ಶಾಪ ಹಾಕಿದರು. ಆಮೇಲೆ ಒಬ್ಬ, ಅಲ್ಲ, ಈ ವಿಮಾನದವರು ಯಾರಿಗೆ ಯಾವ ದುಡ್ಡು ಕೊಡಬೇಕಿತ್ತು ಅಂತ ಕೇಳಿದ. ಗಡ್ಡದವನು ಹೇಳಿದ. ನಮಗೂ ಬರುತ್ತಾ ಅಂತ ಇನ್ನೊಬ್ಬ ಕೇಳಿದ. ಗಡ್ಡದವನು ಮೊಬೈಲ್ ಮೇಲೆತ್ತಿ ಹಿಡಿದ. ಗಾಳ ಹಿಡಿದು ಹೊರಟವನ ಮನೆ ಬಾಗಿಲಿಗೆ ಕೆರೆಯೇ ಬಂದು ಕೂತ ಹಾಗಾಗಿತ್ತು ಅವನ ಮುಖ.

ವರ್ಷಗಟ್ಟಲೆ ಹುಟ್ಟದ ದುಡ್ಡು ಅವತ್ತು ಸಂಜೆಯೊಳಗೆ ಹುಟ್ಟಿತು. ಮೇಡಂ ಫೋನ್ ಮಾಡಿ ಬಂತು ಅಂದರು. ಭಾವ ಹೋಗಿ ಟೇಪು ಬಿಚ್ಚಿದರು, ಬಿಚ್ಚುವಾಗ ಎದ್ದ ಒಂದಿಷ್ಟು ಬಣ್ಣಕ್ಕೆ ಕ್ಯಾಪ್ಟನ್ ಬಳಿ ಕ್ಷಮೆ ಕೇಳಿದರು. ವಿಮಾನ ಹಾರಿತು. ಹತ್ತುವ ಮುಂಚೆ ದೊಡ್ಡಕ್ಕ ಭಾವನನ್ನು ದಾಟಿ ನನ್ನ ಹತ್ತಿರ ಬಂದು, "ಆ ಗಡ್ಡದವನ ನಂಬರ್ ಕೊಡೋ," ಅಂದಳು.

ಬೀಗರ ಮನೆ ಮುಟ್ಟಿದಾಗ ಅವರೆಲ್ಲ ಊಟ ಮುಗಿಸಿ ಮಲಗಿದ್ದರಂತೆ. ಬೀಗಿತ್ತಿ ನೈಟಿಯಲ್ಲೇ ಬಂದು ಬಾಗಿಲು ತೆಗೆದಳಂತೆ. ಈ ಅವಮಾನಕ್ಕೆ ಪರಿಹಾರ ಬೇಕು ಅಂತ ದೊಡ್ಡಕ್ಕ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಳು. ಅವಮಾನಕ್ಕೆ ಕಾನೂನಿಲ್ಲ, ತಡವಾದದ್ದಕ್ಕೆ ಇದೆ ಅಂದರು ಮೇಡಂ. ಆಮೇಲೆ ಕಾಲು ಭಾಗದ ಮಾತು ಬಂತು.

"ಕಾಲು ಭಾಗನಾ? ಜಗಳ ಎಲ್ಲ ನಾನೇ ಆಡ್ತೀನಿ, ನೀವು ಬರೀ ಕಾಗದ ಬರೀರಿ."

"ಯಂತ್ರದಲ್ಲಿ ಕಾಲು ಅಂತ ಇದೆ ಆಂಟಿ," ಅಂದ ಗಡ್ಡದವನು, ಮೆಲ್ಲಗೆ.

"ಯಂತ್ರಾನ ಕರಿ. ನಾನು ಮಾತಾಡ್ತೀನಿ."

ಐದನೇ ಒಂದು ಭಾಗಕ್ಕೆ ಒಪ್ಪಂದವಾಯಿತು. ಆ ಕಂಪನಿಯ ಚರಿತ್ರೆಯಲ್ಲಿ ಯಂತ್ರ ಸೋತದ್ದು ಅದೊಂದೇ ಸಲ ಅಂತ ಗಡ್ಡದವನು ಈಗಲೂ ಹೇಳುತ್ತಾನೆ.

ವಿಮಾನ ಕಂಪನಿ ಈ ಸಲ ವಿಷಾದದ ಪತ್ರ ಬರೆಯಲಿಲ್ಲ, ಜಗಳಕ್ಕೆ ನಿಂತಿತು. ವಿಮಾನ ನಿಲ್ಲಿಸಿದ್ದು ಕೋರ್ಟಿನ ಅಮೀನರು, ಅದು ನಮ್ಮ ಕೈ ಮೀರಿದ ಕಾರಣ ಅಂತ ಒಂದು ವಾದ. ಇನ್ನೊಂದು ವಾದ ಇನ್ನೂ ಚೆನ್ನಾಗಿತ್ತು. ವಿಚಾರಣೆಯ ದಿನ ಅವರ ವಕೀಲ, ಕನ್ನಡಿಯಂಥ ಬೂಟು ತೊಟ್ಟವನು, ಎದ್ದು ನಿಂತು ಬೆರಳು ಮಡಿಸಿದ.

"ಜಪ್ತಿ ಮಾಡಿದವರು ಭಾವ. ಸಾಕ್ಷಿ ಹಾಕಿದವನು ತಮ್ಮ. ಒಳಗೆ ಕೂತಿದ್ದವರು ಅಕ್ಕ. ಸ್ವಾಮಿ, ಇದು ಜಪ್ತಿಯೋ, ಕುಟುಂಬದ ಪ್ರವಾಸವೋ?"

ಕೋರ್ಟಿಗೆ ಕೋರ್ಟೇ ನಕ್ಕಿತು. ನಾನೂ ನಕ್ಕೆ, ಆಮೇಲೆ ತಮ್ಮ ಅಂದರೆ ನಾನೇ ಅಂತ ಹೊಳೆದು ಸುಮ್ಮನಾದೆ. ಮೇಡಂ ಮಾತ್ರ ನಗಲಿಲ್ಲ. ಇವರೆಲ್ಲ ಸೇರಿ ಹೂಡಿದ ಆಟ ಅಂತ ಸಾಬೀತಾದರೆ ದೊಡ್ಡಕ್ಕನ ಕೇಸಷ್ಟೇ ಅಲ್ಲ, ಭಾವನ ನೌಕರಿಗೂ ಕುತ್ತು. ಈ ಇಬ್ಬರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ ಅಂತ ಕೋರ್ಟಿನಲ್ಲಿ ತೋರಿಸಿಕೊಡಬೇಕಾಯಿತು.

ದೊಡ್ಡಕ್ಕ ಕಟಕಟೆಗೆ ಬಂದಳು.

"ಈ ಅಮೀನರು ನಿಮಗೆ ಏನಾಗಬೇಕು?" ಅಂತ ವಕೀಲ ಕೇಳಿದ.

"ಏನೂ ಆಗಬೇಕಾಗಿಲ್ಲ."

"ಸಂಬಂಧದಲ್ಲಿ, ಅಮ್ಮ."

"ನನ್ನ ತಂಗಿ ಗಂಡ. ಅದು ಅವಳ ತಪ್ಪು, ನಂದಲ್ಲ."

"ಇವರ ಜೊತೆ ಮಾತಾಡಿ ಎಷ್ಟು ದಿನ ಆಯ್ತು?"

"ನಿಮ್ಮ ವಿಮಾನದಲ್ಲಿ ಬೈದೆನಲ್ಲ, ಅದೇ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಇಲ್ಲ."

ವಕೀಲ ಬಗ್ಗಿ ಮೇಜಿನ ಮೇಲಿದ್ದ ಕಾಗದ ನೋಡಿ, ಸೋಫಾದ ಕಥೆಯನ್ನೆಲ್ಲ ಹೊರಗೆ ಎಳೆದ. ಆಮೇಲೆ ಜಡ್ಜ್ ಕಡೆ ತಿರುಗಿ, "ಒಂದು ಸೋಫಾಕ್ಕೋಸ್ಕರ ಸ್ವಂತ ತಂಗಿಯ ಗಂಡನ ಹತ್ತಿರ ಹನ್ನೆರಡು ವರ್ಷ ಮಾತು ಬಿಡ್ತಾರೆ ಅಂದ್ರೆ ಯಾರು ನಂಬ್ತಾರೆ ಸ್ವಾಮಿ?" ಅಂದ.

ದೊಡ್ಡಕ್ಕ ಕಟಕಟೆಯ ಅಂಚು ಹಿಡಿದು ವಕೀಲನ ಕಡೆಗೆ ಬಾಗಿದಳು.

"ಸೋಫಾಕ್ಕಲ್ಲ," ಅಂದಳು.

"ಮತ್ತೆ?"

"ಅವತ್ತು ಬಾಗಿಲಲ್ಲಿ ನಿಂತು, ಇಂಥವರ ಹೆಂಡತಿ, ಇಂಥವರ ಮಗಳು ಅಂತ ಕಾಗದ ನೋಡಿ ಓದಿದ. ನಮ್ಮಪ್ಪನ ಹೆಸರು ಇವನಿಗೆ ಗೊತ್ತಿಲ್ವಾ? ಅಪ್ಪ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿ ಗಡ್ಡ ಬೋಳಿಸ್ತಿದ್ದವನು ಇವನು. ನಾನು ಮಾಡೋಕೆ ಹೋದ್ರೆ ಅಪ್ಪ ಬೇಡ, ಅಳಿಯನ್ನ ಕರಿ ಅಂತಿದ್ರು. ಅಂಥವನು ಆ ಹೆಸರನ್ನ ಯಾರದೋ ಹೆಸರು ಓದಿದ ಹಾಗೆ ಓದಿದ. ತಲೆ ಎತ್ತಿ ನನ್ನ ಮುಖ ಸಹ ನೋಡಲಿಲ್ಲ. ಸೋಫಾ ಹೋದ್ರೆ ಹಾಳಾಗಿ ಹೋಗಲಿ."

ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿ, "ಹಾಳಾಗಿ ಹೋಗಲಿ ಅನ್ನೋದನ್ನೂ ಹಾಕ್ಬೇಕಾ ಸಾರ್?" ಅಂತ ಕೇಳಿದ. ಹಾಕು ಅಂದರು ಜಡ್ಜ್.

ಮುಂದೆ ಭಾವನ ಸರದಿ. ನೀವು ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ವಿಮಾನದ ವಿಷಯ ಮಾತ್ರ ಹೇಳಿ ಅಂದರು ಜಡ್ಜ್.

"ಹೇಳ್ತೀನಿ ಸ್ವಾಮಿ," ಅಂದರು ಭಾವ. ಜನ್ಮದಲ್ಲಿ ಮೊದಲ ಸಲ ಅವರು ಯಾರ ಬಳಿಯೂ ಬೇಜಾರು ಮಾಡ್ಕೋಬೇಡಿ ಅನ್ನದೆ ಮಾತು ಶುರು ಮಾಡಿದರು. "ಕಾಗದ ನೋಡದೆ ಇದ್ದಿದ್ರೆ ಅತ್ತಿಗೆ ಮುಖ ನೋಡ್ಬೇಕಾಗ್ತಿತ್ತು. ಮುಖ ನೋಡಿದ್ರೆ ನಾನು ವಾಪಸ್ ಬಂದುಬಿಡ್ತಿದ್ದೆ. ನೌಕರಿ ಹೋಗ್ತಿತ್ತು. ಆಗ ನಮ್ಮ ಮಗು ಇನ್ನೂ ಸ್ಕೂಲಿಗೆ ಹೋಗ್ತಿತ್ತು. ಅಷ್ಟೇ."

ಬೂಟಿನ ವಕೀಲ ಎರಡು ಕಾಗದ ತಿರುವಿ ಹಾಕಿ, ಬೇರೆ ಪ್ರಶ್ನೆ ಇಲ್ಲ ಅಂದ. ದೊಡ್ಡಕ್ಕ ಅಳಲಿಲ್ಲ, ಅವಳು ಅಳುವ ಪೈಕಿ ಅಲ್ಲ. ಅತ್ತದ್ದು ನಾನು ಮತ್ತು ಗಡ್ಡದವನು. ಅವನ ಗಡ್ಡದಲ್ಲಿ ಅದು ಕಾಣಲಿಲ್ಲ, ನನ್ನದು ಎಲ್ಲರಿಗೂ ಕಂಡಿತು.

ತೀರ್ಪು ಬಂದಾಗ ಮೇಡಂ ಅದರ ಐವತ್ತು ಜೆರಾಕ್ಸ್ ಮಾಡಿಸಿದರು. ಹಾಗಾಗಿ ಅದು ನನಗೆ ಬಾಯಿಪಾಠ. ಬಿರುಗಾಳಿ ಕೈ ಮೀರಿದ್ದು, ದಟ್ಟ ಮಂಜು ಕೈ ಮೀರಿದ್ದು. ಕೊಡಬೇಕಾದ ದುಡ್ಡನ್ನು ಕೊಡದೆ ಕೂರುವುದು ಹವಾಮಾನವಲ್ಲ, ಸ್ವಭಾವ. ಒಳಸಂಚಿನ ಬಗ್ಗೆ ಒಂದೇ ಸಾಲು: ಸಂಚು ಮಾಡಲು ಮೊದಲು ಮಾತಾಡಬೇಕು. ಅವತ್ತು ಹಜಾರದಲ್ಲಿ ಕೂತ ಎಲ್ಲರಿಗೂ ಪರಿಹಾರ ಸಿಕ್ಕಿತು. ಈ ಸಲ ವಿಮಾನದವರು ವಾರಂಟಿನ ತನಕ ಕಾಯಲಿಲ್ಲ.

ಸಾಕ್ಷಿ ಮುಗಿದ ಆ ದಿನ, ತೀರ್ಪಿಗೂ ಮುಂಚೆ, ನಾನು, ಭಾವ, ದೊಡ್ಡಕ್ಕ ಮೂವರೂ ಕೋರ್ಟಿನ ಮೆಟ್ಟಿಲ ಮೇಲೆ ಬಂದು ನಿಂತೆವು. ಯಾರು ಯಾವ ಕಡೆ ನೋಡಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಭಾವ ನನ್ನ ಅಂಗಡಿಯ ಬೋರ್ಡನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ಯಾ?" ಅಂತ ದೊಡ್ಡಕ್ಕ ಕೇಳಿದಳು. ನನ್ನನ್ನಲ್ಲ.

"ಇಲ್ಲ ಅತ್ತಿಗೆ."

"ಮತ್ತೆ ಇಲ್ಲಿ ಕಂಬದ ಹಾಗೆ ಯಾಕೆ ನಿಂತಿದ್ದೀಯ? ನಡಿ."

ಕ್ಯಾಂಟೀನಿನಲ್ಲಿ ಭಾವ ಹೇಳಿದ್ದನ್ನು ಅವಳು ರದ್ದು ಮಾಡಿ ಬೇರೆ ಹೇಳಿದಳು. ಬನ್ನು ನಿನ್ನೆಯದು ಅಂತ ವಾಪಸ್ ಕಳಿಸಿದಳು. ಭಾವ ಹೊಟ್ಟೆತುಂಬ ತಿಂದರು. ಅಪ್ಪನ ಮಾತು ಯಾರೂ ಎತ್ತಲಿಲ್ಲ. ಬೀಗಿತ್ತಿಯ ನೈಟಿಯ ಬಣ್ಣದ ಬಗ್ಗೆ ಮಾತ್ರ ದೊಡ್ಡಕ್ಕ ಬಹಳ ಹೊತ್ತು ಹೇಳಿದಳು.

ಅದಾದ ಮೇಲಿನ ವರ್ಷ ಭಾವ ನಿವೃತ್ತಿಯಾದರು. ಟೈರ್ ಅಂಗಡಿಯ ಮೇಲಿನ ಕಂಪನಿ ಈಗ ಇಡೀ ಮಹಡಿ ಹಿಡಿದಿದೆ. ಮೇಡಂ ಭಾವನನ್ನು ಕೆಲಸಕ್ಕೆ ಕರೆದರು, ವಿಮಾನದವರಿಗೆ ಫೋನ್ ಮಾಡಿ ಬಾಕಿ ಕೇಳುವ ಕೆಲಸ. ಒಂದೇ ವಾರ ನಡೆಯಿತು. ಫೋನ್ ಇಡುವಷ್ಟರಲ್ಲಿ ಭಾವ ಆ ಕಡೆಯವನ ಅಮ್ಮನ ಮೊಣಕಾಲು ನೋವು, ಅವನ ಸಂಬಳ ಸಾಲದ ಕಷ್ಟ ಎಲ್ಲ ಕೇಳಿ, ಪಾಪ ಇನ್ನೊಂದು ತಿಂಗಳು ಟೈಮ್ ಕೊಡೋಣ ಅಂತ ಬರೆದಿಡುತ್ತಿದ್ದರು. ಮೇಡಂ ಹಾರ ಹಾಕಿ ಕಳಿಸಿಕೊಟ್ಟರು.

ಈಗ ಅವರು ದೊಡ್ಡಕ್ಕನ ಪೂರ್ತಿ ವಶದಲ್ಲಿದ್ದಾರೆ. ಬೆಳಗಾದರೆ ಅವಳ ಫೋನು. ನೀರಿನ ಬಿಲ್ಲು ಕಟ್ಟು, ಕನ್ನಡಕದ ಕಾಲು ಸರಿ ಮಾಡಿಸು, ನಮ್ಮನೆಯವರನ್ನ ಕ್ಷೌರಕ್ಕೆ ಕರ್ಕೊಂಡು ಹೋಗು. ಮೊನ್ನೆ ಒಂದು ಮಿಕ್ಸಿ ಹಿಡಿದು ನನ್ನ ಅಂಗಡಿಗೆ ಬಂದರು, ವಾರಂಟಿ ಕಾರ್ಡಿನ ಜೆರಾಕ್ಸಿಗೆ. ಅಂಗಡಿಯವನು ಹೊಸದು ಕೊಡದಿದ್ದರೆ ಬಿಡಬೇಡ ಅಂತ ದೊಡ್ಡಕ್ಕನ ಅಪ್ಪಣೆಯಾಗಿತ್ತು. ಒಂದು ಗಂಟೆ ಬಿಟ್ಟು ಅದೇ ಮಿಕ್ಸಿ ಹಿಡಿದು ವಾಪಸ್ ಬಂದು ಸ್ಟೂಲಿನ ಮೇಲೆ ಕೂತರು.

"ಕೊಡಲಿಲ್ವಾ?"

"ಅವನ ಹೆಂಡತಿಗೆ ಹೆರಿಗೆ ಆಗಿದೆಯಂತೆ. ಈ ಗಲಾಟೇಲಿ ಏನು ಕೇಳೋದು ಅಂತ ಬಂದೆ," ಅಂದರು. ಮಿಕ್ಸಿಯನ್ನು ಜೆರಾಕ್ಸ್ ಯಂತ್ರದ ಮೇಲಿಟ್ಟು, "ನೀನೇ ಫೋನ್ ಮಾಡಿ ಹೇಳ್ಬಿಡು ಅವರಿಗೆ," ಅಂದರು.

"ನಾನ್ಯಾಕೆ? ನಿಮ್ಮ ಅತ್ತಿಗೆ."

"ನಿಮ್ಮಕ್ಕ ಅಲ್ವೇನೋ?"

ಇಬ್ಬರೂ ಫೋನಿನ ಕಡೆ ನೋಡುತ್ತಾ ಕೂತೆವು. ಕೊನೆಗೆ ನಾನೇ ನನ್ನ ದುಡ್ಡಿನಲ್ಲಿ ಮಿಕ್ಸಿ ರಿಪೇರಿ ಮಾಡಿಸಿದೆ.